ಸೂರು ಮೊದಲು ಸೋಲುವುದೆಲ್ಲಿ?

ಹುಲ್ಲು, ಮಣ್ಣು, ಹಂಚು, ಕಲ್ಲು, ತಗಡು, ಕಾಂಕ್ರೀಟು: ಕರ್ನಾಟಕದ ಮನೆಗಳ ತಲೆ ಕಾಯುವ ಒಂದೊಂದಕ್ಕೂ ಒಂದೊಂದು ಆಯಸ್ಸು. ಅದನ್ನು ತೀರ್ಮಾನಿಸುವುದು ಮಾತ್ರ ಮೇಲೆ ಕಾಣುವ ಹೊದಿಕೆಗಿಂತ ಒಳಗೆ ಅಡಗಿರುವ ಭಾಗ.

ಮೇ ಮುಗಿಯುತ್ತ ಬಂದಂತೆ ನಾಡಿನ ಉದ್ದಗಲಕ್ಕೂ ಏಣಿಗಳು ಹೊರಬೀಳುತ್ತವೆ. ತೀರ್ಥಹಳ್ಳಿ, ಸಿರಸಿ ಸೀಮೆಯಲ್ಲಿ ಹಂಚು ಕೈಯಾಡಿಸುವವರು ಸಿಗುವುದೇ ಕಷ್ಟ. ಸಿಕ್ಕವರನ್ನು ನಾಲ್ಕು ಮನೆಯವರು ಒಟ್ಟಿಗೆ ಕರೆಯುತ್ತಾರೆ. ಬಾಗಲಕೋಟೆ, ವಿಜಯಪುರದ ಹಳ್ಳಿಗಳಲ್ಲಿ ಮಾಳಿಗೆಗೆ ಬುಟ್ಟಿಗಟ್ಟಲೆ ಹೊಸ ಮಣ್ಣು ಏರುತ್ತದೆ. ಬೆಂಗಳೂರಿನಲ್ಲಿ ತಾರಸಿಯ ಬಿರುಕು ಕಂಡವರು ವಾಟರ್‌ಪ್ರೂಫಿಂಗ್‌ನವರಿಗೆ ಫೋನು ಹಚ್ಚುತ್ತಾರೆ. ಮೂರು ಕಡೆಯೂ ಅವಸರ ಒಂದೇ: ಮೃಗಶಿರಾ ಮಳೆ ಹಿಡಿಯುವ ಮುಂಚೆ ಸೂರು ಸರಿಮಾಡಿಕೊಳ್ಳಬೇಕು.

ಹೊಸದಾಗಿ ಮನೆ ಕಟ್ಟುವವರು ಕೇಳುವ ಪ್ರಶ್ನೆಯೂ ಎಲ್ಲೆಡೆ ಒಂದೇ. ‘ಇದು ಎಷ್ಟು ವರ್ಷ ಬಾಳಿಕೆ ಬರುತ್ತೆ?’ ಮೇಸ್ತ್ರಿ ‘ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಏನೂ ಆಗಲ್ಲ ಬಿಡಿ ಸಾರ್’ ಎನ್ನುತ್ತಾನೆ. ಶೀಟಿನ ಅಂಗಡಿಯವರು ಗ್ಯಾರಂಟಿ ಕಾರ್ಡು ತೋರಿಸುತ್ತಾರೆ. ಇಬ್ಬರೂ ಹೇಳುತ್ತಿರುವುದು ಮೇಲೆ ಹೊದೆಸುವ ವಸ್ತುವಿನ ಆಯಸ್ಸು. ಒಂದೇ ವಸ್ತುವಿನಿಂದಾದ ಸೂರು ಸಿಗುವುದು ಅಪರೂಪ. ಹಂಚಿನ ಕೆಳಗೆ ಮರವಿದೆ, ತಗಡಿಗೆ ತಿರುಪಿದೆ, ಕಾಂಕ್ರೀಟಿನ ಒಡಲಲ್ಲಿ ಕಂಬಿಯಿದೆ, ಮಣ್ಣಿನಡಿ ಜಂತಿಯಿದೆ. ಇವುಗಳಲ್ಲಿ ಯಾವುದು ಮೊದಲು ಸೋಲುತ್ತದೋ ಅದರ ಆಯಸ್ಸೇ ಸೂರಿನ ಆಯಸ್ಸು. ಆ ಭಾಗ ಹೆಚ್ಚಿನಂಶ ಕಣ್ಣಿಗೆ ಕಾಣದ ಕಡೆಯೇ ಇರುತ್ತದೆ.

ಊರು ಬದಲಾದರೆ ಲೆಕ್ಕವೂ ಬದಲು. 1,200 ಚದರಡಿಯ ಸೂರಿನ ಮೇಲೆ ರಾಯಚೂರಿನಲ್ಲಿ ವರ್ಷಕ್ಕೆ ಬೀಳುವ ನೀರು ಸುಮಾರು 65,000 ಲೀಟರು. ಬೆಂಗಳೂರಿನಲ್ಲಿ ಒಂದು ಲಕ್ಷ ದಾಟುತ್ತದೆ. ಮಂಗಳೂರಿನಲ್ಲಿ ನಾಲ್ಕು ಲಕ್ಷದ ಆಸುಪಾಸು, ಅದರಲ್ಲೂ ಬಹುಪಾಲು ನಾಲ್ಕೇ ತಿಂಗಳಲ್ಲಿ. ಆಗುಂಬೆಯಲ್ಲಿ ಇನ್ನೂ ದುಪ್ಪಟ್ಟು. ಹೀಗಾಗಿ ರಾಯಚೂರಿನಲ್ಲಿ ಐವತ್ತು ವರ್ಷ ನಿಂತ ಸೂರು ಆಗುಂಬೆಯಲ್ಲಿ ಐದು ವರ್ಷ ನಿಲ್ಲದೆಯೂ ಇರಬಹುದು. ಹಳಬರು ಸೀಮೆಗೊಂದು ಬಗೆಯ ಸೂರು ಕಟ್ಟಿಕೊಂಡದ್ದು ಇದೇ ಕಾರಣಕ್ಕೆ.

ವರ್ಷದ ಲೆಕ್ಕದ ಸೂರುಗಳು

ಅತ್ಯಲ್ಪಾಯುಷಿ ಎಂದರೆ ಎಲೆ ಮತ್ತು ಹುಲ್ಲಿನ ಹೊದಿಕೆ. ಮಲೆನಾಡಿನ ಅಡಿಕೆ ಸೋಗೆ, ಕರಾವಳಿಯ ಹೆಣೆದ ತೆಂಗಿನ ಮಡಲು ಒಂದು ಮಳೆಗಾಲ ಕಳೆದರೆ ಗೆದ್ದಂತೆ. ಎರಡನೆಯದಕ್ಕೆ ಹೆಚ್ಚಾಗಿ ಹೊಸದು ಬೇಕು. ದಕ್ಷಿಣ ಕನ್ನಡದ ಗುಡ್ಡಗಳ ಮುಳಿಹುಲ್ಲನ್ನು ದಪ್ಪಗೆ ಹೊದೆಸಿದರೆ ಎರಡು ಮೂರು ವರ್ಷ ತಡೆಯುತ್ತದೆ. ಬೆಳಗಾವಿ ಕಡೆಯ ಗುಡಿಸಲುಗಳಿಗೆ ಕಬ್ಬಿನ ರವದಿ ಹೊದೆಸುವುದುಂಟು, ಅದರ ಹಣೆಬರಹವೂ ಅಷ್ಟೆ.

ಹುಲ್ಲಿನ ಸೂರು ನೀರನ್ನು ತಡೆಯುವುದಕ್ಕಿಂತ ಜಾರಿಸುವುದೇ ಹೆಚ್ಚು. ಹನಿ ಒಂದು ಕಡ್ಡಿಯಿಂದ ಇನ್ನೊಂದು ಕಡ್ಡಿಗೆ ದಾಟುತ್ತ, ಒಳಕ್ಕಿಳಿಯುವ ಮೊದಲೇ ಅಂಚು ಸೇರಬೇಕು. ಅದಕ್ಕೇ ಹುಲ್ಲಿನ ಮಾಡು ಅಷ್ಟು ಕಡಿದಾಗಿರುತ್ತದೆ. ಇಳಿಜಾರು ಕಡಿಮೆಯಾದರೆ ಮೇಲಿನ ಪದರ ಒದ್ದೆಯಾಗಿಯೇ ಉಳಿದು ಕೊಳೆಯುತ್ತದೆ. ಒಳಗಿನಿಂದ ಇದನ್ನು ಕಾಯುತ್ತಿದ್ದುದು ಒಲೆಯ ಹೊಗೆ. ಅದು ಹುಲ್ಲನ್ನು ಒಣಗಿಸುತ್ತಿತ್ತು, ಹುಳುಹುಪ್ಪಟೆಯನ್ನು ದೂರವಿಡುತ್ತಿತ್ತು. ಗ್ಯಾಸಿನ ಒಲೆ ಬಂದ ಮನೆಯಲ್ಲಿ ಅದೇ ಹುಲ್ಲು ಬೇಗ ಹಾಳಾಗುತ್ತದೆ.

ಇಷ್ಟು ಅಲ್ಪಾಯುಷಿಯಾದರೂ ಈ ಸೂರಿಗೊಂದು ಗುಣವಿದೆ. ಅದರ ಗಡುವು ಎಲ್ಲರಿಗೂ ಗೊತ್ತು. ಯಾರೂ ಅದನ್ನು ನಂಬಿ ಮೋಸಹೋಗುವುದಿಲ್ಲ.

ಆರೈಕೆಯೇ ಹೊರೆಯಾಗುವ ಮಾಳಿಗೆ

ಉತ್ತರ ಕರ್ನಾಟಕದ ಮಣ್ಣಿನ ಮಾಳಿಗೆಯ ಕಟ್ಟಣಿಯನ್ನು ಕೆಳಗಿನಿಂದ ನೋಡಬೇಕು. ಮೊದಲು ದಪ್ಪ ತೊಲೆ, ಅದರ ಮೇಲೆ ಸಾಲಾಗಿ ಜಂತಿ, ಜಂತಿಯ ಮೇಲೆ ಹಲಗೆ ಇಲ್ಲವೇ ಕಟ್ಟಿಗೆಯ ತುಂಡುಗಳು, ಅದರ ಮೇಲೆ ಬೇವಿನಂಥ ಸೊಪ್ಪಿನ ಹಾಸು, ಎಲ್ಲಕ್ಕೂ ಮೇಲೆ ಮಣ್ಣು. ಕೊನೆಯ ಪದರಕ್ಕೆ ಅನೇಕ ಕಡೆ ಹೊಲದಲ್ಲಿ ಯಾರಿಗೂ ಬೇಡವಾದ ಚೌಳು ಮಣ್ಣನ್ನು ಹುಡುಕಿ ತರುತ್ತಾರೆ. ಅದರಲ್ಲಿ ಸೋಡಿಯಂ ಲವಣ ಹೆಚ್ಚು. ನೀರು ತಾಗಿದಾಗ ಜೇಡಿಯ ಕಣಗಳು ಬಿಡಿಬಿಡಿಯಾಗಿ ಚದುರಿ ಸಣ್ಣ ರಂಧ್ರಗಳನ್ನೆಲ್ಲ ಮುಚ್ಚುತ್ತವೆ. ಬೆಳೆಯ ಬೇರಿಗೆ ನೀರಿಳಿಯಲು ಬಿಡದ ದೋಷವೇ ಮಾಳಿಗೆಯ ಮೇಲೆ ಗುಣವಾಗುತ್ತದೆ.

600 ಮಿ.ಮೀ. ಮಳೆಯ ಸೀಮೆಗೆ ಇದು ಹೇಳಿಮಾಡಿಸಿದ ಸೂರು. ಬೇಸಿಗೆಯ ಬಿಸಿಲು ಮಣ್ಣು ದಾಟಿ ಒಳಗಿಳಿಯುವಷ್ಟರಲ್ಲಿ ಸಂಜೆಯಾಗಿರುತ್ತದೆ. ವರ್ಷಕ್ಕೊಮ್ಮೆ ಬಿರುಕು ಮುಚ್ಚಿ, ಹುಲ್ಲು ಕಿತ್ತು, ನೀರು ಹೋಗುವ ದೋಣಿ ಸ್ವಚ್ಛ ಮಾಡಿದರೆ ಎರಡು ಮೂರು ತಲೆಮಾರು ನಿಲ್ಲುತ್ತದೆ.

ಇದರ ಶತ್ರು ಆರೈಕೆಯ ಒಳಗೇ ಇದೆ. ಪ್ರತಿ ವರ್ಷ ಹಳೆಯದನ್ನು ಕೆರೆಯದೆ ಹೊಸ ಮಣ್ಣು ಸುರಿಯುತ್ತ ಹೋದರೆ ದಪ್ಪ ಏರುತ್ತದೆ. ಒಂದು ಅಡಿ ಮಣ್ಣು ಎಂದರೆ ಪ್ರತಿ ಚದರ ಮೀಟರಿಗೆ ಹತ್ತಿರ ಹತ್ತಿರ ಅರ್ಧ ಟನ್ನು. ನೆನೆದರೆ ಇನ್ನೂ ಹೆಚ್ಚು. ಅಜ್ಜನ ಕಾಲದಲ್ಲಿ ಹಾಕಿದ ಜಂತಿ ಅಜ್ಜನ ಕಾಲದ ಭಾರಕ್ಕೆ ಲೆಕ್ಕ ಹಾಕಿದ್ದು. ಅದರ ತುದಿ ಗೋಡೆಯೊಳಗೆ ಗೆದ್ದಲಿಗೆ ತುತ್ತಾಗಿದ್ದರೂ ಹೊರಗೆ ಸುಳಿವಿರುವುದಿಲ್ಲ. 2009ರ ಮತ್ತು 2019ರ ಅತಿವೃಷ್ಟಿ, ನೆರೆಗಳಲ್ಲಿ ಆ ಭಾಗದ ಸಾವಿರಾರು ಮಣ್ಣಿನ ಮನೆಗಳು ಕುಸಿದವು. ತಳದಲ್ಲಿ ಗೋಡೆ ನೆನೆದು ಮೆತ್ತಗಾಗಿತ್ತು, ಮೇಲೆ ನೀರು ಕುಡಿದ ಮಾಳಿಗೆಯ ಭಾರ ಕೂತಿತ್ತು. ಮಳೆಯ ಹದ ತಪ್ಪಿದಾಗ ಆ ಹದಕ್ಕೆಂದೇ ಕಟ್ಟಿದ ಸೂರಿನ ಲೆಕ್ಕವೂ ತಪ್ಪುತ್ತದೆ.

ಹಂಚು ನೂರು ವರ್ಷ, ರೀಪು ಎಷ್ಟು?

ಕರಾವಳಿ, ಮಲೆನಾಡಿನಲ್ಲಿ ಮೊದಲು ಇದ್ದದ್ದು ನಾಡಹಂಚು. ಕುಂಬಾರರು ತಿಗರಿಯ ಮೇಲೆ ಕೊಳವೆ ಎತ್ತಿ, ಅದನ್ನು ಉದ್ದಕ್ಕೆ ಸೀಳಿ ಸುಟ್ಟು ಮಾಡುತ್ತಿದ್ದ ಅರೆಗೋಲದ ಹಂಚು. ಒಂದರ ಮೇಲೊಂದು ಸುಮ್ಮನೆ ಕೂರುತ್ತಿದ್ದುದರಿಂದ ಗಾಳಿಗೆ, ಬೆಕ್ಕಿನ ಓಡಾಟಕ್ಕೆ ಜಾರುತ್ತಿತ್ತು.

ಈ ಕಥೆ ಬದಲಾದದ್ದು 1865ರಲ್ಲಿ. ಬಾಸೆಲ್ ಮಿಷನ್ನಿನ ಮುದ್ರಣಾಲಯದ ಕೆಲಸಕ್ಕೆಂದು ಮಂಗಳೂರಿಗೆ ಬಂದಿದ್ದ ಜಾರ್ಜ್ ಪ್ಲೆಬ್ಸ್ಟ್ ನೇತ್ರಾವತಿಯ ದಂಡೆಯ ಜೇಡಿಮಣ್ಣನ್ನು ಪರೀಕ್ಷಿಸಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದರು. ಒಂದಕ್ಕೊಂದು ಕಚ್ಚಿಕೊಳ್ಳುವ ಹಂಚಿನ ಕಲ್ಪನೆ ಫ್ರಾನ್ಸಿನ ಗಿಲಾರ್ಡೋನಿ ಸೋದರರದು. 1840ರ ದಶಕದ ಆರಂಭದ್ದು. ಮಂಗಳೂರಿನಲ್ಲಿ ಅದಕ್ಕೆ ಮಣ್ಣು, ನದಿ, ಬಂದರು ಮೂರೂ ಒದಗಿದವು. ಮುಂದಿನ ದಶಕಗಳಲ್ಲಿ ಕಾರ್ಖಾನೆಗಳ ಸಾಲೇ ಎದ್ದಿತು. ಮಂಗಳೂರು ಹಂಚು ಹಡಗೇರಿ ಶ್ರೀಲಂಕಾ, ಬರ್ಮಾ, ಪೂರ್ವ ಆಫ್ರಿಕಾದವರೆಗೆ ಹೋಯಿತು.

ಚೆನ್ನಾಗಿ ಬೆಂದ ಮಂಗಳೂರು ಹಂಚು ನೂರು ವರ್ಷ ನಿಂತ ಉದಾಹರಣೆಗಳಿಗೆ ಕರಾವಳಿಯಲ್ಲಿ ಬರವಿಲ್ಲ. ಬೆರಳ ಗೆಣ್ಣಿನಿಂದ ಬಡಿದಾಗ ಕಂಚಿನ ನಾದ ಬಂದರೆ ಬೆಂದಿದೆ ಎಂದರ್ಥ. ‘ಡಬ್’ ಎಂದರೆ ಹಸಿಯಾಗಿದೆ, ಇಲ್ಲವೇ ಒಳಗೆ ಸೀಳಿದೆ. ಈ ದೀರ್ಘಾಯುಷ್ಯಕ್ಕೆ ನಮ್ಮ ಹವೆಯೂ ಕಾರಣ. ಹಂಚು ಸ್ವಲ್ಪ ನೀರು ಕುಡಿಯುತ್ತದೆ. ಚಳಿ ದೇಶಗಳಲ್ಲಿ ಆ ನೀರು ಹೆಪ್ಪುಗಟ್ಟಿ ಹಿಗ್ಗಿ ಹಂಚಿನ ಮೈಯನ್ನು ಚಕ್ಕೆ ಚಕ್ಕೆಯಾಗಿ ಎಬ್ಬಿಸುತ್ತದೆ. ನಮ್ಮಲ್ಲಿ ಆ ಕಾಟವಿಲ್ಲ. ಕುಡಿದ ನೀರು ಮಳೆ ಬಿಟ್ಟೊಡನೆ ಆವಿಯಾಗಿ ಹೋಗುತ್ತದೆ, ಹೋಗುವಾಗ ಮನೆಯನ್ನು ತಂಪು ಮಾಡಿಯೇ ಹೋಗುತ್ತದೆ.

ಆದರೆ ಹಂಚು ಕೂರುವುದು ರೀಪಿನ ಮೇಲೆ, ರೀಪು ಪಕ್ಕಾಸಿನ ಮೇಲೆ. ತೇಗ, ಹಲಸು, ಭೋಗಿಯಂಥ ಮರವಾದರೆ ಹಂಚಿಗೆ ಸರಿಸಾಟಿಯಾಗಿ ಬಾಳುತ್ತದೆ. ಖರ್ಚು ಉಳಿಸಲು ಹಾಕಿದ ಅಡಿಕೆ ದಬ್ಬೆ ಕೆಲವೇ ವರ್ಷದಲ್ಲಿ ಕುಂಬಾಗುತ್ತದೆ. ಮರದ ತೇವಾಂಶ ಶೇ 20ಕ್ಕಿಂತ ಕೆಳಗಿದ್ದರೆ ಅದನ್ನು ಕೊಳೆಸುವ ಶಿಲೀಂಧ್ರಕ್ಕೆ ಬದುಕುವುದೇ ಕಷ್ಟ. ಅಂದರೆ ಒಣಗಿದ ಮರಕ್ಕೆ ವಯಸ್ಸಿನ ಭಯವಿಲ್ಲ. ಒಂದೇ ಒಂದು ಹಂಚು ಸೀಳಿ, ಅದರಡಿ ಪಕ್ಕಾಸಿನ ಒಂದು ಗೇಣು ಜಾಗ ಮಳೆಗಾಲವಿಡೀ ಒದ್ದೆಯಾಗಿದ್ದರೆ ಅಲ್ಲಿಂದಲೇ ಅವನತಿ ಆರಂಭ. ಎರಡು ಇಳಿಜಾರು ಕೂಡುವ ಮೂಲೆ, ಗೋಡೆಗೆ ತಾಗಿದ ಅಂಚು, ಒಣ ಎಲೆ ಕಟ್ಟಿದ ದಂಬೆ, ಇವೇ ಮೊದಲು ಒದ್ದೆಯಾಗುವ ತಾಣಗಳು. ವರ್ಷಕ್ಕೊಮ್ಮೆ ಹಂಚು ಕೈಯಾಡಿಸುವ ಪದ್ಧತಿಯ ನಿಜವಾದ ಲಾಭ ಹಂಚಿಗಿಂತ ಮರಕ್ಕೆ.

ಹಾಗಿದ್ದೂ ಹಂಚಿನ ಮನೆಗಳು ಕಡಿಮೆಯಾಗುತ್ತಿರುವುದಕ್ಕೆ ಮಳೆಯೊಂದೇ ಕಾರಣವಲ್ಲ. ಮಲೆನಾಡಿಗರನ್ನು ಕೇಳಿದರೆ ಮೊದಲು ಹೇಳುವುದು ಮಂಗನ ಹೆಸರು. ಹಿಂಡು ಒಮ್ಮೆ ಮಾಡಿನ ಮೇಲೆ ಕುಣಿದು ಹೋದರೆ ಹತ್ತಾರು ಹಂಚು ಪುಡಿ. ಎರಡನೆಯದು ಕೂಲಿ: ಇಳಿಜಾರು ಮಾಡಿನ ಮೇಲೆ ಹಂಚು ಒಡೆಯದಂತೆ ಕಾಲಿಡಬಲ್ಲವರು ಈಗ ಎಷ್ಟು ಮಂದಿ? ಆಳು ಸಿಗದ ಊರಿನಲ್ಲಿ ನೂರು ವರ್ಷದ ಹಂಚಿಗೂ ಇಪ್ಪತ್ತೇ ವರ್ಷ. ಇಷ್ಟಾದರೂ ಮನೆ ಕೆಡವಿದಾಗ ಹಳೆಯ ಹಂಚಿಗೆ ಗಿರಾಕಿ ಇದ್ದೇ ಇರುತ್ತಾರೆ. ಕಳಚಿ ಇನ್ನೊಂದು ಮನೆಗೆ ಹಾಗೆಯೇ ಏರಿಸಬಹುದು. ಈ ಸೌಲಭ್ಯ ಬೇರೆ ಸೂರುಗಳಿಗೆ ಅಷ್ಟಾಗಿ ಇಲ್ಲ.

ಕಲ್ಲು ಮತ್ತು ಗಾರೆ

ಆಯಸ್ಸಿನ ಪಂದ್ಯದಲ್ಲಿ ಕಲ್ಲನ್ನು ಸೋಲಿಸುವವರಿಲ್ಲ. ಐಹೊಳೆಯ ಲಾಡ್ ಖಾನ್ ಗುಡಿಯ ಇಳಿಜಾರು ಚಾವಣಿ ನಿಂತು 1,200 ವರ್ಷಗಳಿಗೂ ಹೆಚ್ಚಾಯಿತು. ಅಲ್ಲಿನ ಶಿಲ್ಪಿಗಳಿಗೆ ದುರ್ಬಲ ಜಾಗ ಯಾವುದೆಂದು ಗೊತ್ತಿತ್ತು. ಚಪ್ಪಡಿಯಲ್ಲಿ ನೀರು ಇಳಿಯದು, ಎರಡು ಚಪ್ಪಡಿಯ ಸಂದಿನಲ್ಲಿ ಇಳಿಯುತ್ತದೆ. ಅದಕ್ಕೆ ಪ್ರತಿ ಸಂದಿನ ಮೇಲೂ ಮರದ ದಿಮ್ಮಿಯಂಥ ಕಲ್ಲಿನ ಪಟ್ಟಿ ಕೂರಿಸಿದರು.

ಕೋಲಾರ, ತುಮಕೂರು ಕಡೆಯ ಗ್ರಾನೈಟ್ ಚಪ್ಪಡಿ ಮನೆಗಳು, ಕಲಬುರಗಿ ಸೀಮೆಯ ಶಹಾಬಾದ್ ಫರ್ಸಿ ಹಾಸಿದ ಮನೆಗಳು ಇದೇ ಕುಲದವು. ಕಲ್ಲು ಒತ್ತುವ ಭಾರ ತಡೆಯುತ್ತದೆ, ಬಾಗಿಸುವ ಭಾರ ತಡೆಯದು. ಹಾಗಾಗಿ ಕೋಣೆಗಳು ಕಿರಿದು, ಕಂಬಗಳು ಹತ್ತಿರ ಹತ್ತಿರ. ಇಲ್ಲಿ ಸೋಲುವುದು ಸಂದಿನ ಗಾರೆ. ಹತ್ತು ಹದಿನೈದು ವರ್ಷಕ್ಕೊಮ್ಮೆ ಸಂದು ಕೆರೆದು ತುಂಬಿದರೆ ಮುಗಿಯಿತು.

ಹಳೆಯ ಬೆಂಗಳೂರು, ಮೈಸೂರಿನ ಮನೆಗಳಲ್ಲಿ ಕಾಣುವ ಮದ್ರಾಸ್ ತಾರಸಿಯದು ಬೇರೆಯೇ ಜಾಣ್ಮೆ. ತೇಗದ ತೊಲೆಗಳ ಮೇಲೆ ತೆಳು ಇಟ್ಟಿಗೆಗಳನ್ನು ಓರೆಯಾಗಿ, ಅಂಚಿನ ಮೇಲೆ ನಿಲ್ಲಿಸಿ ಸುಣ್ಣದ ಗಾರೆಯಲ್ಲಿ ಕಟ್ಟುತ್ತಿದ್ದರು. ಅದರ ಮೇಲೆ ಇಟ್ಟಿಗೆ ಜಲ್ಲಿ ಬೆರೆಸಿದ ಸುಣ್ಣದ ಪದರ. ಅಳಲೆಕಾಯಿ ಮತ್ತು ಬೆಲ್ಲದ ನೀರು ಚಿಮುಕಿಸುತ್ತ ಅದನ್ನು ದಿನಗಟ್ಟಲೆ ಮರದ ಹಲಗೆಯಿಂದ ಬಡಿಯುತ್ತಿದ್ದರು. ಸುಣ್ಣದ ಗುಣವೆಂದರೆ ಕೂದಲೆಳೆಯ ಬಿರುಕಿನಲ್ಲಿ ನೀರಿಳಿದಾಗ ಕರಗಿದ ಸುಣ್ಣ ಅಲ್ಲೇ ಮತ್ತೆ ಗಟ್ಟಿಯಾಗಿ ಬಿರುಕನ್ನು ತಾನೇ ಮುಚ್ಚುತ್ತದೆ. 1890ರ ದಶಕದಲ್ಲಿ ರೂಪುಗೊಂಡ ಬಸವನಗುಡಿ, ಮಲ್ಲೇಶ್ವರದಂಥ ಬಡಾವಣೆಗಳಲ್ಲಿ ಹಳೆಯ ತಾರಸಿಗಳು ಅಲ್ಲೊಂದು ಇಲ್ಲೊಂದು ಉಳಿದಿವೆ. ಅವು ಸೋತಲ್ಲೆಲ್ಲ ಸಾಮಾನ್ಯವಾಗಿ ಸೋತದ್ದು ಗೋಡೆಯೊಳಗೆ ಹುದುಗಿದ ತೊಲೆಯ ತುದಿ. ಸೋರಿತೆಂದು ಮೇಲೆ ಸಿಮೆಂಟು ಸವರಿದ ಮನೆಗಳಲ್ಲಿ ಒಳಗಿನ ತೇವಕ್ಕೆ ಹೊರದಾರಿ ತಪ್ಪಿ ಮರ ಇನ್ನೂ ಬೇಗ ಕೊಳೆಯಿತು.

ಕೂದಲೆಳೆಗಿಂತ ತೆಳು ಸತು

ಈಗ ಹಳ್ಳಿ, ಪಟ್ಟಣ ಎರಡರಲ್ಲೂ ಶೀಟಿನ ಕಾಲ. ಜಿಂಕ್ ಶೀಟು ಎಂದು ಕರೆದರೂ ಒಳಗಿರುವುದು ಉಕ್ಕು. ಮೇಲೆ ಸತುವಿನ ಲೇಪ. ತುಕ್ಕು ಉಕ್ಕನ್ನು ಮುಟ್ಟುವ ಮೊದಲು ಸತುವನ್ನು ತಿನ್ನಬೇಕು. ಹಾಗಾಗಿ ಶೀಟಿನ ಆಯಸ್ಸೆಂದರೆ ಲೇಪದ ದಪ್ಪ.

ಲೇಪವನ್ನು ಪ್ರತಿ ಚದರ ಮೀಟರಿಗೆ ಎಷ್ಟು ಗ್ರಾಂ ಎಂದು ಅಳೆಯುತ್ತಾರೆ, ಎರಡೂ ಬದಿ ಸೇರಿ. 120 ಗ್ರಾಂ ಎಂದರೆ ಒಂದು ಬದಿಗೆ ಸುಮಾರು 8 ಮೈಕ್ರಾನ್. 275 ಗ್ರಾಂ ಎಂದರೆ 19. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು. ಒಣ ಬಯಲುಸೀಮೆಯಲ್ಲಿ ಸತು ವರ್ಷಕ್ಕೆ ಅರ್ಧ ಮೈಕ್ರಾನ್ ಸವೆಯಿತು ಎಂದುಕೊಳ್ಳಿ: ತೆಳು ಲೇಪಕ್ಕೆ 16 ವರ್ಷ, ದಪ್ಪ ಲೇಪಕ್ಕೆ 38. ಉಪ್ಪುಗಾಳಿಯ ಕಡಲಂಚಿನಲ್ಲಿ ವರ್ಷಕ್ಕೆ ಎರಡು ಮೂರು ಮೈಕ್ರಾನ್ ಹೋದರೆ ತೆಳು ಲೇಪ ಮೂರು ನಾಲ್ಕು ವರ್ಷಕ್ಕೇ ಖಾಲಿ. ಅಂಗಡಿಯಲ್ಲಿ ಎರಡೂ ಶೀಟು ಒಂದೇ ಥರ ಹೊಳೆಯುತ್ತವೆ. ಬಣ್ಣ, ದಪ್ಪ ಕೇಳುವವರು ಈ ಗ್ರಾಂ ಲೆಕ್ಕವನ್ನು ಕೇಳುವುದು ಕಡಿಮೆ. ಶೇ 55ರಷ್ಟು ಅಲ್ಯೂಮಿನಿಯಂ ಬೆರೆತ ಗ್ಯಾಲ್ವಾಲ್ಯೂಮ್ ಲೇಪ ಹೆಚ್ಚು ಬಾಳುತ್ತದೆ. ಆದರೆ ಹಸಿ ಸಿಮೆಂಟು ತಾಗಿದಲ್ಲಿ ಮತ್ತು ದನದ ಗಂಜಲದ ಅಮೋನಿಯಾ ಆಡುವ ಕೊಟ್ಟಿಗೆಯಲ್ಲಿ ಅದಕ್ಕೂ ಕಷ್ಟ.

ಲೇಪ ಗಟ್ಟಿಯಿದ್ದರೂ ಶೀಟು ಸೋರುತ್ತದೆ, ತಿರುಪಿನ ಬಾಯಲ್ಲಿ. ಉಕ್ಕು ಬಿಸಿಲಿಗೆ ಹಿಗ್ಗುತ್ತದೆ, ರಾತ್ರಿ ಕುಗ್ಗುತ್ತದೆ. ಆರು ಮೀಟರಿನ ಶೀಟು ದಿನದಲ್ಲಿ 30 ಡಿಗ್ರಿ ಏರಿಳಿದರೆ ಎರಡು ಮಿ.ಮೀ. ಸರಿದಾಡುತ್ತದೆ. ದಿನಾ ನಡೆಯುವ ಈ ಎಳೆದಾಟಕ್ಕೆ ತೂತು ಅಗಲವಾಗುತ್ತದೆ, ತಿರುಪು ಸಡಿಲಾಗುತ್ತದೆ, ರಬ್ಬರ್ ವಾಷರು ಬಿಸಿಲಿಗೆ ಒಣಗಿ ಸೀಳುತ್ತದೆ. ಹತ್ತು ವರ್ಷಕ್ಕೊಮ್ಮೆ ವಾಷರು, ತಿರುಪು ಬದಲಿಸುವ ಖರ್ಚು ಅಲ್ಪ. ಬದಲಿಸದಿದ್ದರೆ ಒಂದು ಬಿರುಗಾಳಿ ಸಾಕು. ಅರ್ಧ ಮಿ.ಮೀ. ಶೀಟಿನ ತೂಕ ಚದರ ಮೀಟರಿಗೆ ಬರೇ ನಾಲ್ಕು ಕೆ.ಜಿ., ಹಂಚಿನದು ಅದರ ಹತ್ತು ಪಟ್ಟು. ಗಾಳಿ ಯಾವುದನ್ನು ಮೊದಲು ಎತ್ತುತ್ತದೆ ಎಂದು ಹೇಳಬೇಕಿಲ್ಲ.

ಹಳೆಯ ಸಿಮೆಂಟ್ ಶೀಟಿನ ಮಾತು ಬೇರೆ. ಮೂವತ್ತು ನಲವತ್ತು ವರ್ಷ ಬಾಳುವ ಈ ಶೀಟುಗಳಲ್ಲಿ ಕಲ್ನಾರಿನ ಎಳೆಯಿದೆ. ಕಲ್ನಾರಿನ ಎಲ್ಲ ಬಗೆಗಳೂ ಕ್ಯಾನ್ಸರ್ ತರಬಲ್ಲವು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಕೊರೆದಾಗ, ಒಡೆದಾಗ, ಹಳತಾಗಿ ಮೈ ಉದುರಿದಾಗ ಎಳೆ ಗಾಳಿಗೆ ಸೇರುತ್ತದೆ. ತೆಗೆಯಬೇಕಾದಾಗ ಸುತ್ತಿಗೆ ಎತ್ತದೆ, ನೀರು ಹಾಕಿ ನೆನೆಸಿ, ಇಡಿಯಾಗಿ ಇಳಿಸುವುದು ಜಾಣತನ.

ಹದಿನೈದು, ಇಪ್ಪತ್ತು, ಇಪ್ಪತ್ತೈದು ಮಿಲಿಮೀಟರು

ಆರ್‌ಸಿಸಿಗೆ ಐವತ್ತು, ಎಪ್ಪತ್ತು ವರ್ಷ ಎಂದು ಎಂಜಿನಿಯರುಗಳು ಹೇಳುವುದುಂಟು. ಹೇಳಿದಂತೆ ಕಟ್ಟಿದರೆ ಅದು ನಿಜ. ಇಪ್ಪತ್ತೇ ವರ್ಷಕ್ಕೆ ಒಳಚಾವಣಿಯ ಚಕ್ಕೆ ಉದುರಿ ಕಂಬಿ ಕಾಣುವ ಮನೆಗಳೂ ಅಷ್ಟೇ ನಿಜ. ಅಂತರ ಇರುವುದು ಬೆರಳಿನಗಲದ ಒಂದು ಪದರದಲ್ಲಿ.

ಕಾಂಕ್ರೀಟು ಕ್ಷಾರೀಯ. ಆ ಕ್ಷಾರದಲ್ಲಿ ಕಂಬಿಯ ಮೈಮೇಲೆ ತುಕ್ಕು ತಡೆಯುವ ತೆಳುಪೊರೆ ಉಂಟಾಗುತ್ತದೆ. ಗಾಳಿಯ ಇಂಗಾಲದ ಡೈಆಕ್ಸೈಡು ಕಾಂಕ್ರೀಟಿನ ಸೂಕ್ಷ್ಮ ರಂಧ್ರಗಳಿಂದ ನಿಧಾನವಾಗಿ ಒಳಸರಿಯುತ್ತ ಕ್ಷಾರವನ್ನು ತಟಸ್ಥಗೊಳಿಸುತ್ತದೆ. ಅದು ಕಂಬಿ ಮುಟ್ಟಿದ ದಿನ ಪೊರೆ ಹೋಗುತ್ತದೆ. ತೇವ ಸಿಕ್ಕರೆ ತುಕ್ಕು ಶುರು. ತುಕ್ಕು ಮೂಲ ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಬೇಡುತ್ತದೆ, ಕೆಳಗಿನ ಕಾಂಕ್ರೀಟನ್ನು ಒಳಗಿನಿಂದಲೇ ಒದ್ದು ಬೀಳಿಸುತ್ತದೆ.

ಈ ಒಳಸರಿತಕ್ಕೆ ಒಂದು ನಿಯಮವಿದೆ: ಆಳ ಇಮ್ಮಡಿಯಾಗಲು ನಾಲ್ಕು ಪಟ್ಟು ಕಾಲ ಬೇಕು. ಹತ್ತು ವರ್ಷದಲ್ಲಿ 10 ಮಿ.ಮೀ. ಸರಿಯಿತು ಎಂದಿಟ್ಟುಕೊಂಡರೆ 15 ಮಿ.ಮೀ. ಮುಟ್ಟಲು ಇಪ್ಪತ್ತೆರಡು ವರ್ಷ ದಾಟಬೇಕು, 20ಕ್ಕೆ ನಲವತ್ತು, 25ಕ್ಕೆ ಅರವತ್ತೆರಡು. ಐದು ಮಿಲಿಮೀಟರಿಗೆ ಒಂದು ತಲೆಮಾರಿನ ವ್ಯತ್ಯಾಸ! ಕಂಬಿಯ ಕೆಳಗೆ ಇಡುವ ಕವರ್ ಬ್ಲಾಕ್ ಎಂಬ ಪುಟ್ಟ ಸಿಮೆಂಟಿನ ತುಂಡು ಕಾಯುವುದು ಇದನ್ನೇ. ಮೋಲ್ಡ್ ಹಾಕುವ ದಿನ ಹತ್ತಾರು ಜನ ಕಂಬಿಯ ಮೇಲೆ ಓಡಾಡುವಾಗ ಬ್ಲಾಕು ಸರಿದು ಕಂಬಿ ಸೆಂಟ್ರಿಂಗ್ ಹಲಗೆಗೆ ತಾಗಿತೆಂದರೆ ಅಲ್ಲಿ ಆಯಸ್ಸು ಸೊನ್ನೆಯಿಂದ ಶುರು.

ಭಾರತೀಯ ಮಾನಕ ಐಎಸ್ 456 ಸೌಮ್ಯ ಪರಿಸರಕ್ಕೆ 20 ಮಿ.ಮೀ. ಕವರ್, ಎಂ20 ಕಾಂಕ್ರೀಟು ಕೇಳುತ್ತದೆ. ಕಡಲ ಗಾಳಿಗೆ ತೆರೆದುಕೊಂಡ ಕಾಂಕ್ರೀಟಿಗೆ 45 ಮಿ.ಮೀ., ಎಂ30. ಉಪ್ಪಿನ ಕ್ಲೋರೈಡು ಕ್ಷಾರ ಇಳಿಯುವವರೆಗೆ ಕಾಯದೆ ಕಂಬಿಯ ಪೊರೆಯನ್ನು ಅಲ್ಲಲ್ಲಿ ಕೊರೆಯುವುದರಿಂದ ಈ ಕಟ್ಟುನಿಟ್ಟು. ಬೆಂಗಳೂರಿನ ನಕ್ಷೆಯನ್ನೇ ಕುಂದಾಪುರದ ಕಡಲಂಚಿಗೆ ಒಯ್ದು ಕಟ್ಟಿದರೆ ಆಗುವ ನಷ್ಟ ಊಹಿಸಬಹುದು.

ಉಳಿದೆರಡು ಶತ್ರುಗಳು ನೀರಿನವೇ. ಒಂದು, ಕಲಸುವಾಗ ಹೆಚ್ಚಾದ ನೀರು: ಕೆಲಸ ಸುಲಭವಾಗಲೆಂದು ಸುರಿದ ನೀರು ಆವಿಯಾಗಿ ಹೋದಲ್ಲೆಲ್ಲ ರಂಧ್ರ ಉಳಿಯುತ್ತದೆ. ಇನ್ನೊಂದು, ಆಮೇಲೆ ಕಡಿಮೆಯಾದ ನೀರು. ಈಗ ಹೆಚ್ಚಾಗಿ ಬಳಸುವ ಪಿಪಿಸಿ ಸಿಮೆಂಟಿಗೆ ಕನಿಷ್ಠ ಹತ್ತು ದಿನ ಕ್ಯೂರಿಂಗ್ ಬೇಕು. ತಾರಸಿಯ ಮೇಲೆ ಸಣ್ಣ ಏರಿ ಕಟ್ಟಿ ನೀರು ನಿಲ್ಲಿಸುವುದು ಇದಕ್ಕೇ. ಬೆಳಿಗ್ಗೆ ಒಮ್ಮೆ ಪೈಪು ಹಿಡಿದು ಮೈ ಒದ್ದೆ ಮಾಡಿ ಹೋದರೆ ಮಧ್ಯಾಹ್ನದ ಬಿಸಿಲಿಗೆ ಅದು ಲೆಕ್ಕಕ್ಕಿಲ್ಲ.

ಮೇಲಿನ ವಾಟರ್‌ಪ್ರೂಫಿಂಗ್ ಲೇಪಕ್ಕೆ ಸ್ಲ್ಯಾಬಿನ ಆಯಸ್ಸಿಲ್ಲ. ಬಣ್ಣದಂತೆ ಬಳಿಯುವವು ಐದಾರು ವರ್ಷ, ದಪ್ಪ ಹಾಳೆಯಂಥವು ಹತ್ತು ಹದಿನೈದು. ಹತ್ತು ಅಡಿಗೆ ಒಂದೂಕಾಲು ಇಂಚಿನಷ್ಟಾದರೂ ಇಳಿಜಾರು ಕೊಟ್ಟು, ನೀರಿನ ಬಾಯಿ ತೆರವಾಗಿಟ್ಟರೆ ಯಾವ ಲೇಪಕ್ಕೂ ಆಯಸ್ಸು ಹೆಚ್ಚು. ಸಿಂಟೆಕ್ಸ್ ಉಕ್ಕಿ ಹರಿಯುವ ಜಾಗ, ಪ್ಯಾರಾಪೆಟ್ಟಿನ ಬುಡದಲ್ಲಿ ಚಿಗುರಿದ ಅರಳಿ ಸಸಿ, ಡಿಶ್ ಆಂಟೆನಾ ಕೂರಿಸಲು ಕೊರೆದ ತೂತು, ತಾರಸಿಗಳು ಸೋಲಲು ತೊಡಗುವುದು ಇಂಥ ಕಡೆ.

ಸೂರಿನ ಮೇಲೊಂದು ಸೂರು

ಕರಾವಳಿ, ಮಲೆನಾಡಿನಲ್ಲಿ ಸಂಚರಿಸಿದರೆ ಸಮತಟ್ಟು ತಾರಸಿಯ ಮೇಲೆ ಕಬ್ಬಿಣದ ಟ್ರಸ್ ನಿಲ್ಲಿಸಿ ಶೀಟು ಹೊದೆಸಿದ ಮನೆಗಳು ಹೆಜ್ಜೆ ಹೆಜ್ಜೆಗೆ ಸಿಗುತ್ತವೆ. ಅಡಿಕೆ ಒಣಗಿಸಲು, ಬಟ್ಟೆ ಹರವಲು ಜಾಗವಾಯಿತು ಎನ್ನುತ್ತಾರೆ. ನಿಜವಾಗಿ ಅದು ಆ ನೆಲದ ಮಳೆ ಕೊಟ್ಟ ತೀರ್ಪು: ನಾಲ್ಕು ಲಕ್ಷ ಲೀಟರು ಸುರಿಯುವಲ್ಲಿ ನೀರು ನಿಲ್ಲುವ ಸೂರು ಸಲ್ಲದು, ಜಾರುವ ಸೂರೇ ಬೇಕು. ಈ ಜೋಡಿ ಸೂರಿನಿಂದ ಸ್ಲ್ಯಾಬಿನ ಆಯಸ್ಸು ನಿಸ್ಸಂಶಯವಾಗಿ ಹೆಚ್ಚುತ್ತದೆ. ಮಳೆ ತಾಗದು, ಬಿಸಿಲಿನ ಹಿಗ್ಗು ಕುಗ್ಗೂ ಕಡಿಮೆ. ಒಂದೇ ಎಚ್ಚರಿಕೆ, ಟ್ರಸ್ಸಿನ ಪೊಳ್ಳು ಪೈಪುಗಳ ತುದಿ ಮುಚ್ಚಿರಬೇಕು. ತೆರೆದ ಪೈಪಿನೊಳಗೆ ತುಕ್ಕು ಹಿಡಿದರೆ ಹೊರಗಿನ ಬಣ್ಣ ಹೊಸದಾಗಿಯೇ ಕಾಣುತ್ತಿರುತ್ತದೆ.

ಈಗ ಸೂರಿಗೆ ಹೊಸದೊಂದು ಹೊರೆ ಬಂದಿದೆ. 2024ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ಪಿಎಂ ಸೂರ್ಯಘರ್ ಯೋಜನೆ ಆರಂಭಿಸಿದ ಮೇಲೆ ಮನೆಯ ಮೇಲೆ ಸೌರಫಲಕ ಹಾಕಿಸುವವರು ಹೆಚ್ಚುತ್ತಿದ್ದಾರೆ. ಫಲಕಗಳಿಗೆ ಸಾಮಾನ್ಯವಾಗಿ 25 ವರ್ಷದ ವಾರಂಟಿ. ಅವು ಕೂರುವ ತಾರಸಿಗೆ ಇನ್ನೆಷ್ಟು ವರ್ಷ ಉಳಿದಿದೆ ಎಂದು ಮೊದಲು ನೋಡಬೇಕು. ಹತ್ತು ವರ್ಷದಲ್ಲಿ ಲೇಪ ಕೀಳಬೇಕಾದ ತಾರಸಿಯ ಮೇಲೆ ಫಲಕ ಕೂರಿಸಿದರೆ, ಕಳಚಿ ಮತ್ತೆ ಜೋಡಿಸುವ ಖರ್ಚು ಉಳಿಸಿದ ಕರೆಂಟು ಬಿಲ್ಲಿನಿಂದಲೇ ಹೋಗಬೇಕು. ರಿಪೇರಿ ಮೊದಲು, ಫಲಕ ಆಮೇಲೆ.

ಒಂದೇ ನೋಟಕ್ಕೆ

(ವರ್ಷಗಳು ಅಂದಾಜಿನವು, ಊರಿನ ಹವೆ, ಕೆಲಸದ ಗುಣಮಟ್ಟ, ಆರೈಕೆಗೆ ತಕ್ಕಂತೆ ಬದಲಾಗುತ್ತವೆ)

ಸೋಗೆ, ಮಡಲು: 1ರಿಂದ 2 ವರ್ಷ. ಮೊದಲು ಸೋಲುವುದು ಎಲೆಯೇ.
ಮುಳಿಹುಲ್ಲು: 2ರಿಂದ 3 ವರ್ಷ. ಇಳಿಜಾರು ಕಡಿಮೆಯಿರುವ ಭಾಗ.
ಮಣ್ಣಿನ ಮಾಳಿಗೆ: ಆರೈಕೆಯಿದ್ದರೆ 50ಕ್ಕೂ ಹೆಚ್ಚು. ಜಂತಿ, ತೊಲೆಯ ತುದಿ.
ಮಂಗಳೂರು ಹಂಚು: 50ರಿಂದ 100. ರೀಪು, ಪಕ್ಕಾಸು.
ಕಲ್ಲಿನ ಚಪ್ಪಡಿ: ಶತಮಾನಗಳು. ಸಂದಿನ ಗಾರೆ.
ಮದ್ರಾಸ್ ತಾರಸಿ: 80ರಿಂದ 100. ಗೋಡೆಯೊಳಗಿನ ತೊಲೆ.
ಲೋಹದ ಶೀಟು: 10ರಿಂದ 35, ಕಡಲಂಚಿನಲ್ಲಿ ಕಡಿಮೆ. ವಾಷರು, ತಿರುಪು, ಲೇಪ.
ಆರ್‌ಸಿಸಿ: 50ರಿಂದ 75. ತೆಳು ಕವರಿನ ಕಂಬಿ.

ಎಷ್ಟು ವರ್ಷ ಎನ್ನುವ ಮೊದಲು

ಮೇಲಿನ ಪಟ್ಟಿಯಲ್ಲಿ ದೀರ್ಘಾಯುಷಿಗಳನ್ನು ಗಮನಿಸಿ. ಹಂಚು, ಮಾಳಿಗೆ, ಚಪ್ಪಡಿ ಮೂರರಲ್ಲೂ ಕೆಟ್ಟ ಭಾಗವನ್ನಷ್ಟೇ ಬಿಚ್ಚಿ ಬದಲಿಸಬಹುದು. ಒಂದು ಹಂಚು, ಒಂದು ಪಕ್ಕಾಸು, ಒಂದು ಸಂದು. ಜೊತೆಗೆ ಹಂಚು, ಮಾಳಿಗೆಗಳು ವರ್ಷಕ್ಕೊಮ್ಮೆ ಮನುಷ್ಯನನ್ನು ಮೇಲೆ ಹತ್ತಿಸುತ್ತವೆ. ಹತ್ತಿದವನಿಗೆ ತೊಂದರೆ ಚಿಕ್ಕದಿರುವಾಗಲೇ ಕಾಣುತ್ತದೆ. ಆರ್‌ಸಿಸಿ ಈ ಅಭ್ಯಾಸವನ್ನು ತಪ್ಪಿಸಿತು. ಏನೂ ಮಾಡಬೇಕಿಲ್ಲ ಎಂಬ ಭರವಸೆಯ ಮೇಲೆಯೇ ಅದು ಮಾರಾಟವಾದದ್ದು. ಅದರ ದುರ್ಬಲ ಭಾಗ ಕಾಂಕ್ರೀಟಿನೊಳಗೆ ಹೂತುಹೋಗಿರುವುದರಿಂದ ಕಂಬಿ ಕಾಣುವ ಹೊತ್ತಿಗೆ ಚಿಕ್ಕ ರಿಪೇರಿಯ ಕಾಲ ಮೀರಿರುತ್ತದೆ.

ಹಾಗೆಂದು ಎಲ್ಲರೂ ಹಂಚಿಗೆ ಮರಳಬೇಕಿಲ್ಲ. ಮೇಲೆ ಇನ್ನೊಂದು ಅಂತಸ್ತು ಕಟ್ಟುವ ಆಸೆಯವರಿಗೆ ಸ್ಲ್ಯಾಬೇ ಗತಿ. ಕೇಳುವ ಪ್ರಶ್ನೆ ಬದಲಾದರೆ ಸಾಕು. ಈ ಸೂರಿನಲ್ಲಿ ಮೊದಲು ಸೋಲುವ ಭಾಗ ಯಾವುದು? ಸೋಲುತ್ತಿರುವುದು ನನಗೆ ಹೇಗೆ ಗೊತ್ತಾಗುತ್ತದೆ? ಆ ಭಾಗವನ್ನಷ್ಟೇ ಬದಲಿಸಬಹುದೇ, ಬದಲಿಸಬಲ್ಲವರು ನನ್ನ ಊರಿನಲ್ಲಿ ಇದ್ದಾರೆಯೇ? ಹಂಚಿನವರಾದರೆ ಕಟ್ಟುವಾಗಲೇ ನೂರು ಹಂಚು ಹೆಚ್ಚಿಗೆ ತಂದಿಡಿ, ಆ ಅಚ್ಚು ಮುಂದೆ ಸಿಗದಿರಬಹುದು. ಶೀಟಿನವರಾದರೆ ಬಿಲ್ಲಿನಲ್ಲಿ ಲೇಪದ ಗ್ರಾಂ ಬರೆಸಿಕೊಳ್ಳಿ. ಆರ್‌ಸಿಸಿಯವರಾದರೆ ಮೋಲ್ಡ್ ಹಾಕುವ ಬೆಳಿಗ್ಗೆ ನೀವೇ ಮೇಲೆ ಹತ್ತಿ, ಕಂಬಿಯ ಕೆಳಗೆ ಬೆರಳು ತೂರುತ್ತದೆಯೇ ನೋಡಿ, ಮೂಲೆ ಮೂಲೆಯ ಫೋಟೊ ತೆಗೆದಿಡಿ. ಇಪ್ಪತ್ತು ವರ್ಷದ ಮೇಲೆ ಎಲ್ಲಿ ತಟ್ಟಿ ನೋಡಬೇಕು, ಎಲ್ಲಿ ಕೊರೆಯಬಾರದು ಎಂದು ಹೇಳಲು ಗ್ಯಾರಂಟಿ ಕಾರ್ಡಿಗಿಂತ ಆ ಫೋಟೊಗಳೇ ಹೆಚ್ಚು ಕೆಲಸಕ್ಕೆ ಬರುತ್ತವೆ.